ಪೊಕೆಮಾನ್ ಕಾಳಗದಲ್ಲಿ ಹಾನಿಯ ಅಂದಾಜು

ಪೊಕೆಮಾನ್ ಸರಣಿಯ ವಿಡಿಯೋ ಗೇಮ್‌ಗಳಲ್ಲಿ ಒಂದು ಪ್ರಾಣಿ ಇನ್ನೊಂದರ ಮೇಲೆ ಎರಗಿದಾಗ ಪೆಟ್ಟು ತಿಂದದ್ದರ ಎಚ್‌ಪಿ, ಅಂದರೆ ಜೀವಬಲ, ಎಷ್ಟು ಇಳಿಯಬೇಕೆಂಬುದನ್ನು ಆಟ ಒಂದು ನಿಗದಿತ ಸೂತ್ರದಿಂದ ಲೆಕ್ಕ ಹಾಕುತ್ತದೆ. ಹೊಡೆಯುವ ಮೊದಲೇ ಆ ಫಲವನ್ನು ಆಟಗಾರ ಲೆಕ್ಕ ಹಾಕಿಕೊಳ್ಳುವುದೇ ಹಾನಿಯ ಅಂದಾಜು. ಆಟಗಾರರ ಮಾತಿನಲ್ಲಿ ಇದು 'ಡ್ಯಾಮೇಜ್ ಕ್ಯಾಲ್ಕ್', ಅಥವಾ ಬರೀ 'ಕ್ಯಾಲ್ಕ್'. ಒಂದೇ ಏಟಿಗೆ ಎದುರಾಳಿ ಉರುಳುವುದಾದರೆ ಅದು 'ಓಎಚ್‌ಕೆಒ', ಎರಡು ಏಟು ಬೇಕಾದರೆ 'ಟೂಎಚ್‌ಕೆಒ'. ಸೂತ್ರದಲ್ಲಿ ಅದೃಷ್ಟಕ್ಕೆ ಬಿಟ್ಟ ಪಾಲು ಚಿಕ್ಕದು: ಅತಿ ದುರ್ಬಲ ಹೊಡೆತವೂ ಅತಿ ಬಲವಾದ ಹೊಡೆತದ ಸುಮಾರು ಶೇ. 85ರಷ್ಟು ಇದ್ದೇ ಇರುತ್ತದೆ. ಎದುರಾಳಿ ತನ್ನ ಪ್ರಾಣಿಗೆ ಯಾವ ಅಂಕಗಳನ್ನು ಹಂಚಿಟ್ಟಿದ್ದಾನೆ ಎಂಬುದು ಮಾತ್ರ ಕಣ್ಣಿಗೆ ಕಾಣುವುದಿಲ್ಲ. ಅಂದಾಜಿನ ಕಷ್ಟವೆಲ್ಲ ಇರುವುದು ಆ ಮುಚ್ಚಿಟ್ಟ ಅಂಕಗಳಲ್ಲಿ.

ಹಿನ್ನೆಲೆ

ಸರಣಿಯ ಮೊದಲ ಆಟಗಳಾದ 'ರೆಡ್' ಮತ್ತು 'ಗ್ರೀನ್' 1996ರ ಫೆಬ್ರವರಿ 27ರಂದು ಜಪಾನಿನಲ್ಲಿ ನಿಂಟೆಂಡೊದ ಗೇಮ್ ಬಾಯ್ ಯಂತ್ರಕ್ಕಾಗಿ ಬಿಡುಗಡೆಯಾದವು. ಇವನ್ನು ತಯಾರಿಸಿದ್ದು ಸತೋಶಿ ತಾಜಿರಿ ಸ್ಥಾಪಿಸಿದ ಗೇಮ್ ಫ್ರೀಕ್ ಸಂಸ್ಥೆ. ಕಾಳಗ ಸರದಿಯ ಮೇಲೆ ನಡೆಯುತ್ತದೆ. ಪ್ರತಿ ಪ್ರಾಣಿಗೆ ಹೆಚ್ಚೆಂದರೆ 4 ಪಟ್ಟುಗಳು. ಇವುಗಳಿಗೆ ಆಟದಲ್ಲಿ 'ಮೂವ್' ಎಂದು ಹೆಸರು. ಇಬ್ಬರೂ ತಮ್ಮ ಪಟ್ಟನ್ನು ಗುಟ್ಟಾಗಿ ಆರಿಸಿದ ಮೇಲೆ, ಸಾಮಾನ್ಯವಾಗಿ ವೇಗ ಹೆಚ್ಚಿರುವ ಪ್ರಾಣಿ ಮೊದಲು ಹೊಡೆಯುತ್ತದೆ. ಮೊದಲ ಏಟಿಗೇ ಎದುರಾಳಿ ಉರುಳಿದರೆ ಅದರ ಸರದಿ ಬರುವುದೇ ಇಲ್ಲ. ಒಂದೇ ಒಂದು ಎಚ್‌ಪಿ ಉಳಿದರೂ ಅದು ಪೂರ್ಣ ಬಲದಿಂದ ತಿರುಗಿ ಹೊಡೆಯುತ್ತದೆ. ಹಾಗಾಗಿ 'ಸುಮಾರು ಇಷ್ಟು' ಎಂಬ ಊಹೆ ಇಲ್ಲಿ ಸಾಲದು.

ಸರದಿ ಕಾಳಗದ ಆಟಗಳಲ್ಲಿ ಹಾನಿ ಲೆಕ್ಕ ಹಾಕಲು ಎರಡು ದಾರಿಗಳಿವೆ. ಒಂದು ಕಳೆಯುವ ದಾರಿ. 1986ರಲ್ಲಿ ಬಂದ 'ಡ್ರ್ಯಾಗನ್ ಕ್ವೆಸ್ಟ್' ಹೊಡೆಯುವವನ ಬಲದ ಅರ್ಧದಿಂದ ತಡೆಯುವವನ ರಕ್ಷಣೆಯ ಕಾಲುಭಾಗವನ್ನು ಕಳೆಯುತ್ತಿತ್ತು. ಇಂಥ ಲೆಕ್ಕದಲ್ಲಿ ರಕ್ಷಣೆ ಬೆಳೆಯುತ್ತಾ ಹೋದಂತೆ ಹೊಡೆತ ಬಹುತೇಕ ಸೊನ್ನೆಗಿಳಿಯುತ್ತದೆ. ಪೊಕೆಮಾನ್ ಹಿಡಿದದ್ದು ಭಾಗಿಸುವ ದಾರಿಯನ್ನು. ಇಲ್ಲಿ ರಕ್ಷಣೆ ಇಮ್ಮಡಿಯಾದರೆ ಹಾನಿ ಸುಮಾರು ಅರ್ಧಕ್ಕಿಳಿಯುತ್ತದೆಯೇ ಹೊರತು ಇಲ್ಲವಾಗುವುದಿಲ್ಲ. ಎಷ್ಟೇ ಗಟ್ಟಿ ಪ್ರಾಣಿಯನ್ನೂ ಸವೆಸಬಹುದೆಂಬ ಈ ಸರಣಿಯ ಸ್ವಭಾವಕ್ಕೆ ಅನುಪಾತದ ಈ ಲೆಕ್ಕವೇ ಬುನಾದಿ.

ಮೂಲ ಸೂತ್ರ

ಸೂತ್ರದ ತಿರುಳು 1996ರಿಂದ ಹೆಚ್ಚು ಬದಲಾಗಿಲ್ಲ. ಹೊಡೆಯುವ ಪ್ರಾಣಿಯ ಲೆವೆಲ್ಲನ್ನು 2ರಿಂದ ಗುಣಿಸಿ, 5ರಿಂದ ಭಾಗಿಸಿ, 2 ಕೂಡಿಸಬೇಕು. ಬಂದದ್ದನ್ನು ಪಟ್ಟಿನ ಪವರ್‌ನಿಂದಲೂ ಹೊಡೆಯುವ ಪ್ರಾಣಿಯ ಅಟ್ಯಾಕ್‌ನಿಂದಲೂ ಗುಣಿಸಿ, ಪೆಟ್ಟು ತಿನ್ನುವ ಪ್ರಾಣಿಯ ಡಿಫೆನ್ಸ್‌ನಿಂದ ಭಾಗಿಸಬೇಕು. ಆಮೇಲೆ 50ರಿಂದ ಭಾಗಿಸಿ ಮತ್ತೆ 2 ಕೂಡಿಸಿದರೆ ಮೂಲ ಹಾನಿ ಸಿಗುತ್ತದೆ. ಪಟ್ಟು ಫಿಸಿಕಲ್ ಅಲ್ಲದೆ ಸ್ಪೆಷಲ್ ವರ್ಗದ್ದಾದರೆ ಅಟ್ಯಾಕ್, ಡಿಫೆನ್ಸ್‌ಗಳ ಜಾಗದಲ್ಲಿ ಸ್ಪೆಷಲ್ ಅಟ್ಯಾಕ್ ಮತ್ತು ಸ್ಪೆಷಲ್ ಡಿಫೆನ್ಸ್ ಬರುತ್ತವೆ.

ಲೆವೆಲ್‌ನ ಪದ 50ನೇ ಲೆವೆಲ್ಲಿನಲ್ಲಿ 22 ಆಗುತ್ತದೆ, 100ನೇ ಲೆವೆಲ್ಲಿನಲ್ಲಿ 42. ಅಧಿಕೃತ ಸ್ಪರ್ಧೆಗಳು 50ನೇ ಲೆವೆಲ್ಲಿನಲ್ಲೇ ನಡೆಯುವುದರಿಂದ ಬಾಯಿಲೆಕ್ಕಕ್ಕೆ ಒಂದು ಸುಲಭ ಸೂತ್ರವಿದೆ: ಪವರ್ ಇಂಟು ಅಟ್ಯಾಕ್ ಭಾಗಿಸು ಡಿಫೆನ್ಸ್, ಅದರ ಶೇ. 44, ಅದರ ಮೇಲೆ 2.

ಅಂಕಗಳು ಹುಟ್ಟುವ ಬಗೆ

ಸೂತ್ರದೊಳಗೆ ಹೋಗುವ ಅಟ್ಯಾಕ್, ಡಿಫೆನ್ಸ್, ಎಚ್‌ಪಿಗಳೂ ನೇರವಾಗಿ ಸಿಗುವುದಿಲ್ಲ. ಅವು ನಾಲ್ಕು ಪದರಗಳ ಮೊತ್ತ. ಮೊದಲನೆಯದು ಆ ಜಾತಿಗೆ ಹುಟ್ಟಿನಿಂದ ಬಂದ ಬೇಸ್ ಸ್ಟ್ಯಾಟ್. ಇದು ಎಲ್ಲರಿಗೂ ಗೊತ್ತಿರುವ ಅಂಕ. ಎರಡನೆಯದು ಪ್ರತಿ ಪ್ರಾಣಿಗೂ ಬೇರೆಯಾಗಿರುವ, 0ಯಿಂದ 31ರವರೆಗಿನ ಐವಿ. ಮೂರನೆಯದು ತರಬೇತಿಯಿಂದ ಗಳಿಸುವ ಇವಿ. ಒಂದು ಗುಣಕ್ಕೆ ಹೆಚ್ಚೆಂದರೆ 252, ಎಲ್ಲ ಸೇರಿ 510. ಇದರ ನಾಲ್ಕನೇ ಒಂದು ಭಾಗ ಮಾತ್ರ ಲೆಕ್ಕಕ್ಕೆ ಬರುತ್ತದೆ. ನಾಲ್ಕನೆಯದು ಸ್ವಭಾವ, ಅಂದರೆ ನೇಚರ್. ಒಟ್ಟು 25 ನೇಚರ್‌ಗಳಲ್ಲಿ 20 ಒಂದು ಗುಣವನ್ನು ಶೇ. 10ರಷ್ಟು ಏರಿಸಿ ಇನ್ನೊಂದನ್ನು ಅಷ್ಟೇ ಇಳಿಸುತ್ತವೆ. ಉಳಿದ 5ಕ್ಕೆ ಪರಿಣಾಮವಿಲ್ಲ.

ಬೇಸ್ ಸ್ಟ್ಯಾಟಿನ ಇಮ್ಮಡಿಗೆ ಐವಿಯನ್ನೂ ಇವಿಯ ಕಾಲುಭಾಗವನ್ನೂ ಕೂಡಿಸಿ, ಲೆವೆಲ್‌ನಿಂದ ಗುಣಿಸಿ 100ರಿಂದ ಭಾಗಿಸಬೇಕು. ಎಚ್‌ಪಿಯಾದರೆ ಅದಕ್ಕೆ ಲೆವೆಲ್ ಮತ್ತು 10 ಸೇರುತ್ತವೆ. ಉಳಿದವಕ್ಕೆ 5 ಕೂಡಿಸಿ ನೇಚರ್‌ನ ಗುಣಕ ಹಾಕಲಾಗುತ್ತದೆ. 510ರ ಮಿತಿಯಿಂದಾಗಿ ಎರಡು ಗುಣಗಳನ್ನು ತುಂಬಿಸಿದರೆ ಮೂರನೆಯದಕ್ಕೆ ಚಿಲ್ಲರೆ ಮಾತ್ರ ಉಳಿಯುತ್ತದೆ. ಬಲ ಬೇಕೆ, ವೇಗ ಬೇಕೆ, ತಾಳಿಕೆ ಬೇಕೆ ಎಂಬ ಆಯ್ಕೆ ಆಟಗಾರನದು. ಅದನ್ನು ಎದುರಾಳಿಗೆ ತಿಳಿಸಬೇಕಾಗಿಲ್ಲ.

ಗುಣಕಗಳು

ಮೂಲ ಹಾನಿ ಸಿಕ್ಕ ಮೇಲೆ ಸಂದರ್ಭಕ್ಕೆ ತಕ್ಕ ಗುಣಕಗಳು ಒಂದರ ಹಿಂದೊಂದು ಬರುತ್ತವೆ. ಇವುಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಟೈಪ್, ಅಂದರೆ ಪ್ರಾಣಿಗೂ ಪಟ್ಟಿಗೂ ಇರುವ ನೀರು, ಬೆಂಕಿ, ನೆಲದಂಥ ಬಗೆ. ಈಗಿರುವ 18 ಟೈಪ್‌ಗಳ ನಡುವಿನ ಸಂಬಂಧದಂತೆ ಹಾನಿ ಇಮ್ಮಡಿಯಾಗಬಹುದು, ಅರ್ಧವಾಗಬಹುದು, ಸೊನ್ನೆಯೂ ಆಗಬಹುದು. ಎರಡು ಟೈಪ್ ಇರುವ ಪ್ರಾಣಿಗೆ ಎರಡೂ ಗುಣಕಗಳು ಗುಣಿಸಿಕೊಂಡು 4 ಪಟ್ಟಿನವರೆಗೆ ಏರುತ್ತವೆ, ಕಾಲುಭಾಗಕ್ಕೂ ಇಳಿಯುತ್ತವೆ. ಉಕ್ಕು ಮತ್ತು ಬೆಂಕಿ ಕೂಡಿದ ಹೀಟ್ರಾನ್‌ಗೆ ನೆಲದ ಟೈಪಿನ ಹೊಡೆತ 4 ಪಟ್ಟು ತಗಲುತ್ತದೆ. ಹಾರುವ ಟೈಪಿನ ಪ್ರಾಣಿಗೆ ಅದೇ ಹೊಡೆತ ಮುಟ್ಟುವುದೇ ಇಲ್ಲ.

ಪ್ರಾಣಿ ತನ್ನದೇ ಟೈಪಿನ ಪಟ್ಟು ಹಾಕಿದರೆ ಹಾನಿ ಒಂದೂವರೆ ಪಟ್ಟು. ಇದನ್ನು ಆಟಗಾರರು 'ಸ್ಟ್ಯಾಬ್' ಎನ್ನುತ್ತಾರೆ. ಜೋಡಿ ಕಾಳಗದಲ್ಲಿ ಒಂದೇ ಪಟ್ಟು ಒಂದಕ್ಕಿಂತ ಹೆಚ್ಚು ಪ್ರಾಣಿಗಳಿಗೆ ತಗಲುವುದಾದರೆ ಮುಕ್ಕಾಲು ಪಾಲು ಹಾನಿ. ಮಳೆಯಲ್ಲಿ ನೀರಿನ ಪಟ್ಟು ಒಂದೂವರೆ ಪಟ್ಟಾಗುತ್ತದೆ, ಬೆಂಕಿಯದು ಅರ್ಧವಾಗುತ್ತದೆ. ಬಿಸಿಲಿನಲ್ಲಿ ಇದು ತಿರುವುಮುರುವು. ಸುಟ್ಟ ಗಾಯವಾದ ಪ್ರಾಣಿಯ ಫಿಸಿಕಲ್ ಹೊಡೆತ ಅರ್ಧಕ್ಕಿಳಿಯುತ್ತದೆ. ಒಂಟಿ ಕಾಳಗದಲ್ಲಿ ರಿಫ್ಲೆಕ್ಟ್, ಲೈಟ್ ಸ್ಕ್ರೀನ್ ಎಂಬ ಪರದೆಗಳೂ ತಮ್ಮ ತಮ್ಮ ವರ್ಗದ ಹಾನಿಯನ್ನು ಅರ್ಧಕ್ಕಿಳಿಸುತ್ತವೆ. ಕೈಯಲ್ಲಿ ಹಿಡಿದ ವಸ್ತುಗಳದ್ದು ಇನ್ನೊಂದು ಲೆಕ್ಕ: ಚಾಯ್ಸ್ ಬ್ಯಾಂಡ್ ಅಟ್ಯಾಕನ್ನು ಒಂದೂವರೆ ಪಟ್ಟು ಮಾಡುತ್ತದೆ, ಲೈಫ್ ಆರ್ಬ್ ಹಾನಿಯನ್ನು ಸುಮಾರು 1.3 ಪಟ್ಟು ಮಾಡುತ್ತದೆ, ಶೂಕಾ ಬೆರ್ರಿ ತನಗೆ ಇಮ್ಮಡಿ ತಗಲುವ ನೆಲದ ಹೊಡೆತವನ್ನು ಒಮ್ಮೆ ಅರ್ಧಕ್ಕಿಳಿಸುತ್ತದೆ.

ಕಾಳಗದ ನಡುವೆ ಅಟ್ಯಾಕ್, ಡಿಫೆನ್ಸ್‌ಗಳು ಮೆಟ್ಟಿಲುಗಳಲ್ಲಿ ಏರಿಳಿಯುತ್ತವೆ. ಒಂದು ಮೆಟ್ಟಿಲು ಏರಿದರೆ 3/2, ಎರಡು ಏರಿದರೆ 4/2, ಹೀಗೆ ಆರು ಮೆಟ್ಟಿಲಿಗೆ 8/2. ಇಳಿಯುವಾಗ 2/3, 2/4 ಎಂದು 2/8ರವರೆಗೆ. ಏಟು ಅದೃಷ್ಟವಶಾತ್ 'ಕ್ರಿಟಿಕಲ್' ಆದರೆ ಹಾನಿ ಒಂದೂವರೆ ಪಟ್ಟಾಗುವುದಲ್ಲದೆ, ಹೊಡೆಯುವವನ ಅಟ್ಯಾಕ್ ಇಳಿದದ್ದು, ತಡೆಯುವವನ ಡಿಫೆನ್ಸ್ ಏರಿದ್ದು, ಅಡ್ಡ ಇದ್ದ ಪರದೆ ಯಾವುದೂ ಗಣನೆಗೆ ಬರುವುದಿಲ್ಲ.

ಕ್ರಿಟಿಕಲನ್ನು ಬಿಟ್ಟರೆ ಇಷ್ಟರ ನಡುವೆ ಯಾದೃಚ್ಛಿಕ ಗುಣಕ ಒಂದೇ: 85ರಿಂದ 100ರವರೆಗಿನ ಒಂದು ಪೂರ್ಣಾಂಕವನ್ನು ಆಟ ಆರಿಸಿ, ಹಾನಿಯ ಅಷ್ಟು ಶೇಕಡಾ ಭಾಗವನ್ನು ತೆಗೆದುಕೊಳ್ಳುತ್ತದೆ. ಈ 16 ಅಂಕಗಳಲ್ಲಿ ಯಾವುದಾದರೂ ಬರುವ ಸಾಧ್ಯತೆ ಸಮಾನ. ಆಟಗಾರರು ಇದಕ್ಕೆ 'ರೋಲ್' ಎನ್ನುತ್ತಾರೆ. 100 ಬಂದರೆ 'ಮ್ಯಾಕ್ಸ್ ರೋಲ್'.

ಭಿನ್ನರಾಶಿಯ ಗತಿ

ಆಟದ ಲೆಕ್ಕ ಪೂರ್ಣಾಂಕಗಳಲ್ಲೇ ನಡೆಯುತ್ತದೆ. ಭಾಗಾಕಾರದ ಪ್ರತಿ ಹಂತದಲ್ಲೂ, ರೋಲ್ ಆದ ಮೇಲೂ, ದಶಮಾಂಶದ ಭಾಗವನ್ನು ಆಟ ಅಲ್ಲಲ್ಲೇ ಬಿಟ್ಟುಬಿಡುತ್ತದೆ. ಸ್ಟ್ಯಾಬ್‌ನಂಥ ಗುಣಕಗಳಿಗೆ ನಿಯಮ ತುಸು ಬೇರೆ. ಉಳಿದ ಭಾಗ ಅರ್ಧಕ್ಕಿಂತ ಹೆಚ್ಚಿದ್ದರೆ ಮೇಲಿನ ಅಂಕ. ಸರಿಯಾಗಿ ಅರ್ಧ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಕೆಳಗಿನದು. ಶಾಲೆಯಲ್ಲಿ ಕಲಿತ ರೂಢಿಯಂತೆ ಅರ್ಧವನ್ನು ಮೇಲಕ್ಕೆತ್ತಿದವರ ಲೆಕ್ಕ ಇಲ್ಲಿ ತಪ್ಪುತ್ತದೆ. ಯಾವ ಗುಣಕ ಯಾವುದರ ಹಿಂದೆ ಬರುತ್ತದೆ ಎಂಬುದೂ ಇದರಿಂದಾಗಿ ಮುಖ್ಯ: ಎಲ್ಲವನ್ನೂ ಗುಣಿಸಿ ಕೊನೆಗೊಮ್ಮೆ ಸರಿಪಡಿಸಿದರೆ ಬರುವ ಉತ್ತರವೇ ಬೇರೆ, ಆಟ ಕೊಡುವ ಉತ್ತರವೇ ಬೇರೆ.

ಒಂದು ಮಾದರಿ ಲೆಕ್ಕ

ಡ್ರ್ಯಾಗನ್ ಮತ್ತು ನೆಲದ ಟೈಪಿನ ಗಾರ್ಚೋಂಪ್ 50ನೇ ಲೆವೆಲ್ಲಿನಲ್ಲಿ ಅರ್ಥ್‌ಕ್ವೇಕ್ ಎಂಬ ಪಟ್ಟನ್ನು ಟೈರಾನಿಟಾರ್ ಮೇಲೆ ಹಾಕುತ್ತದೆ ಎನ್ನೋಣ. ಪಟ್ಟಿನ ಪವರ್ 100. ಗಾರ್ಚೋಂಪ್‌ನ ಬೇಸ್ ಅಟ್ಯಾಕ್ 130. ಐವಿ 31, ಇವಿ 252, ಅಟ್ಯಾಕ್ ಏರಿಸುವ 'ಅಡಮಂಟ್' ನೇಚರ್ ಇದ್ದರೆ ಅಟ್ಯಾಕ್ 200 ಆಗುತ್ತದೆ. ಟೈರಾನಿಟಾರ್ ಬಂಡೆ ಮತ್ತು ಕತ್ತಲೆ ಟೈಪಿನದು. ನೆಲದ ಹೊಡೆತ ಅದಕ್ಕೆ ಇಮ್ಮಡಿ ತಗಲುತ್ತದೆ. ಎಚ್‌ಪಿಗೆ ಇವಿ ತುಂಬಿಸಿ ಡಿಫೆನ್ಸ್‌ಗೆ ಏನೂ ಕೊಡದಿದ್ದರೆ ಅದರ ಎಚ್‌ಪಿ 207, ಡಿಫೆನ್ಸ್ 130.

22 × 100 × 200 = 4,40,000. ಅದನ್ನು 130ರಿಂದ ಭಾಗಿಸಿದರೆ 3384. ಅದನ್ನು 50ರಿಂದ ಭಾಗಿಸಿದರೆ 67. ಅದಕ್ಕೆ 2 ಕೂಡಿಸಿದರೆ ಮೂಲ ಹಾನಿ 69. ಮ್ಯಾಕ್ಸ್ ರೋಲ್ ಬಂದರೆ 69 ಹಾಗೇ ಉಳಿಯುತ್ತದೆ. ಸ್ಟ್ಯಾಬ್ ಹಾಕಿದರೆ 103.5, ಸರಿಯಾಗಿ ಅರ್ಧ ಇರುವುದರಿಂದ 103. ಟೈಪಿನ ಇಮ್ಮಡಿ ಸೇರಿ 206. ಕನಿಷ್ಠ ರೋಲ್ ಬಂದರೆ 58, ನಂತರ 87, ಕೊನೆಗೆ 174. ಅಂದರೆ ಹಾನಿ 174ರಿಂದ 206ರ ನಡುವೆ ಎಲ್ಲೋ ಒಂದು ಕಡೆ. ಟೈರಾನಿಟಾರ್‌ನ ಎಚ್‌ಪಿ 207. ಅದು ಕನಿಷ್ಠ ಒಂದು ಎಚ್‌ಪಿಯನ್ನಾದರೂ ಉಳಿಸಿಕೊಂಡು ಬದುಕುತ್ತದೆ.

ಇದೇ ಲೆಕ್ಕವನ್ನು 69 ಇಂಟು 3 ಎಂದು ಒಟ್ಟಿಗೆ ಗುಣಿಸಿದವನಿಗೆ ಸಿಗುವುದು 207, ಅಂದರೆ ಟೈರಾನಿಟಾರ್ ಸತ್ತಿತು. ಅರ್ಧವನ್ನು ಮೇಲಕ್ಕೆತ್ತಿದವನಿಗೆ 208. ಎರಡೂ ತಪ್ಪು. ಇನ್ನೊಂದು ಕಡೆಯಿಂದ ನೋಡಿದರೆ, ಟೈರಾನಿಟಾರ್‌ನ ಎಚ್‌ಪಿ ಇವಿ 252ರ ಬದಲು 248 ಇದ್ದಿದ್ದರೆ ಎಚ್‌ಪಿ 206 ಆಗಿ, 16ರಲ್ಲಿ ಒಂದು ರೋಲ್ ಅದನ್ನು ಮುಗಿಸುತ್ತಿತ್ತು. ಕೊನೆಯ 4 ಇವಿಗೆ ಇಲ್ಲಿ ಅಷ್ಟು ಬೆಲೆ. ಆದರೆ ಅದೇ 4 ಇವಿಯನ್ನು ಡಿಫೆನ್ಸ್‌ಗೆ ಹಾಕಿ 131 ಮಾಡಿದರೆ ಮೂಲ ಹಾನಿ 69 ಆಗಿಯೇ ಉಳಿಯುತ್ತದೆ, ಏನೂ ಪ್ರಯೋಜನವಿಲ್ಲ. 12 ಇವಿ ಹಾಕಿ ಡಿಫೆನ್ಸ್ 132 ಮಾಡಿದಾಗಲೇ ಅದು 68ಕ್ಕಿಳಿದು ಗರಿಷ್ಠ ಹಾನಿ 204 ಆಗುತ್ತದೆ. ಹಾನಿ ಇಳಿಜಾರಿನಂತೆ ಇಳಿಯದೆ ಮೆಟ್ಟಿಲಿನಂತೆ ಇಳಿಯುತ್ತದೆ. ಆ ಮೆಟ್ಟಿಲುಗಳ ಅಂಚು ಎಲ್ಲಿದೆ ಎಂದು ಹುಡುಕುವುದೇ ಇವಿ ಹಂಚಿಕೆಯ ಕಸುಬು.

ಸಂದರ್ಭ ಬದಲಾದಾಗ ಇದೇ ಹೊಡೆತ ಹೀಗೆ ಬದಲಾಗುತ್ತದೆ:

ಜೋಡಿ ಕಾಳಗದಲ್ಲಿ ಇತರರಿಗೂ ತಗಲುವಾಗ: 132–156.
ಎದುರಾಳಿ ಕಡೆಯ ಇಂಟಿಮಿಡೇಟ್ ಎಂಬ ಸಾಮರ್ಥ್ಯದಿಂದ ಅಟ್ಯಾಕ್ ಒಂದು ಮೆಟ್ಟಿಲು ಇಳಿದಾಗ: 116–140.
ಗಾರ್ಚೋಂಪ್‌ಗೆ ಸುಟ್ಟ ಗಾಯವಾದಾಗ: 87–103.
ವೇಗ ಏರಿಸುವ 'ಜಾಲಿ' ನೇಚರ್ ಇದ್ದು ಅಟ್ಯಾಕ್ 182 ಇದ್ದಾಗ: 158–188.
ಏಟು ಕ್ರಿಟಿಕಲ್ ಆದಾಗ: ಕನಿಷ್ಠ 260, ಖಚಿತ ಮರಣ.

ಸಂಭವನೀಯತೆ

ಗರಿಷ್ಠ, ಕನಿಷ್ಠಗಳ ನಡುವೆ ಎದುರಾಳಿಯ ಎಚ್‌ಪಿ ಬಿದ್ದಾಗ 'ಸಾಯುತ್ತದೆಯೇ' ಎಂಬ ಪ್ರಶ್ನೆ 'ಎಷ್ಟು ಸಲ ಸಾಯುತ್ತದೆ' ಎಂದು ಬದಲಾಗುತ್ತದೆ. ಮೇಲಿನ ಟೈರಾನಿಟಾರ್ ರಂಗಕ್ಕಿಳಿಯುವಾಗ ನೆಲದಲ್ಲಿ ಸ್ಟೆಲ್ತ್ ರಾಕ್ ಎಂಬ ಪಟ್ಟಿನ ಕಲ್ಲುಗಳು ಹರಡಿದ್ದರೆ ಎಚ್‌ಪಿಯ ಎಂಟನೇ ಒಂದು ಭಾಗ, ಅಂದರೆ 25, ಮೊದಲೇ ಹೋಗಿ 182 ಉಳಿಯುತ್ತದೆ. ಅಡಮಂಟ್ ಗಾರ್ಚೋಂಪ್‌ನ 16 ರೋಲ್‌ಗಳಲ್ಲಿ 12 ಈ 182ನ್ನು ಮುಟ್ಟುತ್ತವೆ: ಸಾಧ್ಯತೆ ಶೇ. 75. ಜಾಲಿ ಗಾರ್ಚೋಂಪ್‌ಗೆ ಸಿಗುವುದು 4 ರೋಲ್ ಮಾತ್ರ: ಶೇ. 25. ಬರೀ ನೇಚರ್ ಒಂದರಿಂದ ಇಷ್ಟು ಅಂತರ.

ಇದಕ್ಕೆ ಕ್ರಿಟಿಕಲ್‌ನ ಸಾಧ್ಯತೆಯನ್ನೂ ಸೇರಿಸಬೇಕು. ಈಚಿನ ಆಟಗಳಲ್ಲಿ ಅದು ಸಾಮಾನ್ಯವಾಗಿ 24ರಲ್ಲಿ 1. ಸೇರಿಸಿದರೆ ಶೇ. 75 ಎಂಬುದು ಸುಮಾರು ಶೇ. 76 ಆಗುತ್ತದೆ. ಸ್ಟೆಲ್ತ್ ರಾಕ್ ಇಲ್ಲದಾಗ ಬದುಕಿಯೇ ತೀರುತ್ತದೆ ಎಂದ ಟೈರಾನಿಟಾರ್ ಕೂಡ 24ರಲ್ಲಿ ಒಂದು ಸಲ ಉರುಳುತ್ತದೆ. ಅರ್ಥ್‌ಕ್ವೇಕ್‌ನ ಗುರಿ ಶೇ. 100, ಸ್ಟೋನ್ ಎಡ್ಜ್ ಎಂಬ ಪಟ್ಟಿನದು ಶೇ. 80 ಮಾತ್ರ. ಅಂಥ ಪಟ್ಟಿನಲ್ಲಿ ಶೇ. 75ರ ಮರಣ ಸಾಧ್ಯತೆ ಇದ್ದರೂ ನಿಜವಾಗಿ ಕೈಗೆ ಸಿಗುವುದು ಶೇ. 60ರ ಆಸುಪಾಸು.

ಎರಡು ಏಟಿನ ಲೆಕ್ಕದಲ್ಲಿ 16 × 16, ಅಂದರೆ 256 ಜೋಡಿಗಳನ್ನು ನೋಡಬೇಕಾಗುತ್ತದೆ. ನಡುವೆ ಲೆಫ್ಟೋವರ್ಸ್ ಎಂಬ ವಸ್ತು ಪ್ರತಿ ಸರದಿಗೂ ಎಚ್‌ಪಿಯ 16ನೇ ಒಂದು ಭಾಗವನ್ನು ಹಿಂದಿರುಗಿಸುತ್ತದೆ. 2ರಿಂದ 5 ಸಲ ತಗಲುವ ಪಟ್ಟುಗಳಲ್ಲಿ ಪ್ರತಿ ಏಟಿಗೂ ಬೇರೆ ರೋಲ್. ಎಷ್ಟು ಸಲ ತಗಲುತ್ತದೆ ಎಂಬುದಕ್ಕೇ 35, 35, 15, 15 ಶೇಕಡಾ ಎಂಬ ಹಂಚಿಕೆ ಇದೆ. ಇಂಥಲ್ಲಿ ಬಾಯಿಲೆಕ್ಕ ಸೋಲುತ್ತದೆ.

ಸೂತ್ರಕ್ಕೆ ಸಿಗದ ಹೊಡೆತಗಳು

ಕೆಲವು ಪಟ್ಟುಗಳು ಈ ಸೂತ್ರವನ್ನೇ ಬಳಸುವುದಿಲ್ಲ. ಸೈಸ್ಮಿಕ್ ಟಾಸ್, ನೈಟ್ ಶೇಡ್‌ಗಳ ಹಾನಿ ಹೊಡೆಯುವ ಪ್ರಾಣಿಯ ಲೆವೆಲ್‌ನಷ್ಟೇ. ಡ್ರ್ಯಾಗನ್ ರೇಜ್ ಯಾವಾಗಲೂ 40. ಸೂಪರ್ ಫ್ಯಾಂಗ್ ಎದುರಾಳಿಯ ಉಳಿದ ಎಚ್‌ಪಿಯನ್ನು ಅರ್ಧ ಮಾಡುತ್ತದೆ. ಕೌಂಟರ್ ತಾನು ತಿಂದ ಫಿಸಿಕಲ್ ಪೆಟ್ಟಿನ ಇಮ್ಮಡಿಯನ್ನು ಹಿಂದಿರುಗಿಸುತ್ತದೆ. ಇನ್ನು ಕೆಲವು ಪಟ್ಟುಗಳು ಸೂತ್ರವನ್ನು ಬಳಸಿದರೂ ಅವುಗಳ ಪವರ್ ಸ್ಥಿರವಲ್ಲ: ಜೈರೊ ಬಾಲ್ ತನಗಿಂತ ಎದುರಾಳಿ ಎಷ್ಟು ವೇಗಿಯೋ ಅಷ್ಟು ಜೋರಾಗುತ್ತದೆ, ಲೋ ಕಿಕ್ ಈಗ ಎದುರಾಳಿಯ ತೂಕ ನೋಡುತ್ತದೆ, ಎರಪ್ಷನ್ ತನ್ನ ಎಚ್‌ಪಿ ಕರಗಿದಂತೆ ಬಲಗುಂದುತ್ತದೆ. ತಡೆಯುವವನ ಕಡೆಯಲ್ಲೂ ಇಂಥ ವಿನಾಯಿತಿಗಳಿವೆ. ಪೂರ್ಣ ಎಚ್‌ಪಿಯಲ್ಲಿರುವ ಪ್ರಾಣಿಯ ಕೈಯಲ್ಲಿ ಫೋಕಸ್ ಸ್ಯಾಶ್ ಇದ್ದರೆ ಎಂಥ ಹೊಡೆತಕ್ಕೂ ಅದು ಒಂದು ಎಚ್‌ಪಿ ಉಳಿಸಿಕೊಳ್ಳುತ್ತದೆ.

ಪೀಳಿಗೆಯಿಂದ ಪೀಳಿಗೆಗೆ

ಮೊದಲ ಪೀಳಿಗೆಯಲ್ಲಿ ಟೈಪ್‌ಗಳು 15. ಸ್ಪೆಷಲ್ ಎಂಬ ಒಂದೇ ಗುಣ ಹೊಡೆಯುವುದಕ್ಕೂ ತಡೆಯುವುದಕ್ಕೂ ಬಳಕೆಯಾಗುತ್ತಿತ್ತು. ರೋಲ್ 217ರಿಂದ 255ರವರೆಗೆ, 255ರಿಂದ ಭಾಗ. ಕ್ರಿಟಿಕಲ್‌ನ ಸಾಧ್ಯತೆ ಆ ಜಾತಿಯ ಬೇಸ್ ಸ್ಪೀಡ್ ಮೇಲೆ ನಿಂತಿತ್ತು. ಹಾಗಾಗಿ ವೇಗದ ಪ್ರಾಣಿಗೆ ಮೊದಲು ಹೊಡೆಯುವ ಲಾಭದ ಜೊತೆಗೆ ಜೋರಾಗಿ ಹೊಡೆಯುವ ಲಾಭವೂ ಇತ್ತು. 1999ರ 'ಗೋಲ್ಡ್' ಮತ್ತು 'ಸಿಲ್ವರ್' ಸ್ಪೆಷಲ್ ಗುಣವನ್ನು ಎರಡಾಗಿ ಒಡೆದವು, ಕತ್ತಲೆ ಮತ್ತು ಉಕ್ಕಿನ ಟೈಪ್‌ಗಳನ್ನು ಸೇರಿಸಿದವು. 2002ರ 'ರೂಬಿ' ಮತ್ತು 'ಸಫೈರ್' ಇಂದಿನ ಐವಿ, ಇವಿ, ನೇಚರ್ ಕ್ರಮವನ್ನು ತಂದವು. ರೋಲ್ 85ರಿಂದ 100ಕ್ಕೆ ನೆಲೆಯಾದದ್ದೂ ಆಗಲೇ.

ಎಲ್ಲಕ್ಕಿಂತ ದೊಡ್ಡ ತಿರುವು 2006ರ 'ಡೈಮಂಡ್' ಮತ್ತು 'ಪರ್ಲ್'. ಅಲ್ಲಿಯವರೆಗೆ ಪಟ್ಟು ಫಿಸಿಕಲ್ಲೋ ಸ್ಪೆಷಲ್ಲೋ ಎಂಬುದನ್ನು ಅದರ ಟೈಪ್ ತೀರ್ಮಾನಿಸುತ್ತಿತ್ತು: ನೀರಿನ ಪಟ್ಟುಗಳೆಲ್ಲ ಸ್ಪೆಷಲ್. ಬೇಸ್ ಅಟ್ಯಾಕ್ 125 ಇದ್ದ ಗ್ಯಾರಡೋಸ್ ತನ್ನದೇ ನೀರಿನ ಪಟ್ಟು ಹಾಕುವಾಗ 60ರ ಸ್ಪೆಷಲ್ ಅಟ್ಯಾಕನ್ನು ನಂಬಬೇಕಿತ್ತು. 2006ರಿಂದ ಪ್ರತಿ ಪಟ್ಟಿಗೂ ಅದರದೇ ವರ್ಗ ಬಂತು. ಹಳೆಯ ಅಂದಾಜುಗಳನ್ನೆಲ್ಲ ಹೊಸದಾಗಿ ಮಾಡಬೇಕಾಯಿತು. 2013ರ 'ಎಕ್ಸ್' ಮತ್ತು 'ವೈ' ಫೇರಿ ಟೈಪನ್ನು ಸೇರಿಸಿ, ಅದುವರೆಗೆ ಇಮ್ಮಡಿಯಾಗಿದ್ದ ಕ್ರಿಟಿಕಲನ್ನು ಒಂದೂವರೆ ಪಟ್ಟಿಗೆ ಇಳಿಸಿದವು. 2022ರ 'ಸ್ಕಾರ್ಲೆಟ್' ಮತ್ತು 'ವಯಲೆಟ್' ಆಟಗಳಲ್ಲಿ ಟೆರಾ ರೂಪಾಂತರ ಬಂತು: ಕಾಳಗದ ನಡುವೆಯೇ ಪ್ರಾಣಿ ತನ್ನ ಟೈಪ್ ಬದಲಿಸಬಲ್ಲದು. ಗಾರ್ಚೋಂಪ್ ನೆಲದ ಟೆರಾ ತಾಳಿದರೆ ಸ್ಟ್ಯಾಬ್ 2 ಪಟ್ಟಾಗಿ, ಮೇಲಿನ ಟೈರಾನಿಟಾರ್ ಕನಿಷ್ಠ ರೋಲ್‌ನಲ್ಲೂ 232 ತಿಂದು ಸಾಯುತ್ತದೆ. ಟೈರಾನಿಟಾರ್ ಹಾರುವ ಟೆರಾ ತಾಳಿದರೆ ಹಾನಿ ಸೊನ್ನೆ.

ಸ್ಪರ್ಧೆಯಲ್ಲಿ ಅಂದಾಜು

ವಿಡಿಯೋ ಗೇಮ್ ವಿಭಾಗದ ವಿಶ್ವ ಚಾಂಪಿಯನ್‌ಷಿಪ್ 2009ರಲ್ಲಿ ಆರಂಭವಾಯಿತು. ಅಭ್ಯಾಸಕ್ಕೆ 'ಪೊಕೆಮಾನ್ ಶೋಡೌನ್' ಎಂಬ ಅನಧಿಕೃತ ಕಾಳಗ ವೇದಿಕೆ ಜನಪ್ರಿಯ. ಅದರ ಜೊತೆಜೊತೆಗೆ, ಎರಡು ಪ್ರಾಣಿಗಳ ವಿವರ ತುಂಬಿಸಿದರೆ 16 ರೋಲ್‌ಗಳನ್ನೂ ಮರಣದ ಸಾಧ್ಯತೆಯನ್ನೂ ಒದಗಿಸುವ ಕ್ಯಾಲ್ಕುಲೇಟರ್‌ಗಳು ಬಳಕೆಯಲ್ಲಿವೆ. ಅಂಕಗಣಿತದ ಭಾರವನ್ನು ಇವು ಹೊರುತ್ತವೆ. ಏನನ್ನು ತುಂಬಿಸಬೇಕು ಎಂಬುದನ್ನು ಮಾತ್ರ ಆಟಗಾರನೇ ಊಹಿಸಬೇಕು.

ಈ ಊಹೆಗೆ ಮೂರು ದಾರಿಗಳಿವೆ. ಒಂದು, ಆ ಜಾತಿಯನ್ನು ಹೆಚ್ಚಿನವರು ಹೇಗೆ ಬೆಳೆಸುತ್ತಾರೆ ಎಂಬ ತಿಳಿವು. ಎರಡು, ಅತಿಯಾದ ಎರಡೂ ಕೊನೆಗಳನ್ನು ಲೆಕ್ಕ ಹಾಕುವುದು: ಇವಿ ಏನೂ ಇಲ್ಲದ ಎದುರಾಳಿಯೂ ಬದುಕುವುದಾದರೆ ಆ ಹೊಡೆತವನ್ನು ನೆಚ್ಚಬೇಕಿಲ್ಲ, ಪೂರ್ತಿ ತುಂಬಿಸಿಕೊಂಡದ್ದೂ ಸಾಯುವುದಾದರೆ ಯೋಚನೆಯೇ ಬೇಡ. ಮೂರು, ಹಿಂದಿನಿಂದ ಎಣಿಸುವುದು. ಮೊದಲ ಏಟಿಗೆ ಎಚ್‌ಪಿಯ ಪಟ್ಟಿ ಎಷ್ಟು ಕುಗ್ಗಿತು ಎಂಬುದನ್ನು ನೋಡಿ, ಯಾವ ಇವಿ, ಯಾವ ನೇಚರ್ ಇದ್ದರೆ ಹಾಗಾಗಬಹುದು ಎಂದು ಸಾಧ್ಯತೆಗಳನ್ನು ಕಿರಿದು ಮಾಡುತ್ತಾ ಹೋಗುವುದು. ರೋಲ್‌ನ ಹರವು ಚಿಕ್ಕದಾಗಿರುವುದರಿಂದ ಒಂದೇ ಏಟು ಬಹಳಷ್ಟನ್ನು ಹೇಳಿಬಿಡುತ್ತದೆ. ಈಚಿನ ದೊಡ್ಡ ಪಂದ್ಯಗಳಲ್ಲಿ ಎದುರಾಳಿಯ ಪಟ್ಟುಗಳು, ವಸ್ತು, ಟೆರಾ ಟೈಪ್‌ಗಳನ್ನು ಮೊದಲೇ ತೋರಿಸುವ ಪದ್ಧತಿ ಬಂದಿದ್ದರೂ ಇವಿ ಮತ್ತು ನೇಚರ್ ಮುಚ್ಚಿಯೇ ಇರುತ್ತವೆ.

ತಂಡ ಕಟ್ಟುವಾಗ ಅಂದಾಜು ಮುಂದಾಲೋಚನೆಯಾಗುತ್ತದೆ: ಇಂಥ ಪ್ರಾಣಿಯ ಇಂಥ ಹೊಡೆತವನ್ನು ತಾಳಲು ಎಷ್ಟು ಇವಿ ಸಾಕು, ಉಳಿದದ್ದನ್ನು ಎಲ್ಲಿ ಹಾಕಲಿ ಎಂಬ ಲೆಕ್ಕ. 2014ರಲ್ಲಿ ವಾಷಿಂಗ್ಟನ್ ಡಿ.ಸಿ.ಯಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನ ಮಾಸ್ಟರ್ಸ್ ವಿಭಾಗವನ್ನು ಗೆದ್ದ ದಕ್ಷಿಣ ಕೊರಿಯಾದ ಸೆಜುನ್ ಪಾರ್ಕ್ ತಂಡದಲ್ಲಿ ಪ್ಯಾಚಿರಿಸು ಎಂಬ ಅಳಿಲು ಇತ್ತು. ಬೇಸ್ ಸ್ಟ್ಯಾಟ್‌ಗಳ ಮೊತ್ತ 405 ಮಾತ್ರ ಇರುವ ಇದನ್ನು ದುರ್ಬಲ ಎಂದು ಯಾರೂ ಲೆಕ್ಕಕ್ಕಿಟ್ಟಿರಲಿಲ್ಲ. ತನ್ನ ಕಡೆಗೆ ಹೊಡೆತಗಳನ್ನು ಸೆಳೆದು, ತಾಳಿಕೊಂಡು, ಜೊತೆಗಾರನನ್ನು ಕಾಯುವುದು ಅದರ ಕೆಲಸ. ಅಟ್ಯಾಕ್ ಅಂಕ ಬೇಕಿಲ್ಲದ ಸೂಪರ್ ಫ್ಯಾಂಗ್ ಅದರ ಕೈಯಲ್ಲಿದ್ದ ಆಯುಧ.

ಪೊಕೆಮಾನ್ ಗೋ

2016ರಲ್ಲಿ ಬಂದ ಮೊಬೈಲ್ ಆಟ 'ಪೊಕೆಮಾನ್ ಗೋ' ಅದೇ ವರ್ಷದ ಡಿಸೆಂಬರ್‌ನಲ್ಲಿ ಭಾರತಕ್ಕೂ ಬಂತು. ಇದರ ಸೂತ್ರ ಬಹಳ ಸರಳ: ಪವರ್, ಅಟ್ಯಾಕ್–ಡಿಫೆನ್ಸ್ ಅನುಪಾತ ಮತ್ತು ಗುಣಕಗಳ ಗುಣಲಬ್ಧದ ಅರ್ಧ ತೆಗೆದು, ದಶಮಾಂಶ ಬಿಟ್ಟು, 1 ಕೂಡಿಸಿದರೆ ಮುಗಿಯಿತು. ಟೈಪಿನ ಅನುಕೂಲ ಇಮ್ಮಡಿಯ ಬದಲು 1.6 ಪಟ್ಟು, ಸ್ಟ್ಯಾಬ್ 1.2 ಪಟ್ಟು. ಪೂರ್ತಿ ರಕ್ಷಣೆ ಎಂಬುದಿಲ್ಲ; ಮುಖ್ಯ ಸರಣಿಯಲ್ಲಿ ಸೊನ್ನೆಯಾಗುವ ಹೊಡೆತ ಇಲ್ಲಿ ಅಲ್ಪಸ್ವಲ್ಪ ತಗಲಿಯೇ ತಗಲುತ್ತದೆ. ರೋಲ್ ಇಲ್ಲ, ಕ್ರಿಟಿಕಲ್ ಇಲ್ಲ. ಅದೃಷ್ಟವನ್ನು ಸೂತ್ರದಿಂದ ಹೊರಗಿಟ್ಟರೂ ಇಲ್ಲಿಯ ಆಟಗಾರರ ಅಂದಾಜು ತಪ್ಪುವುದುಂಟು, ಏಕೆಂದರೆ ಎದುರಾಳಿಯ ಐವಿ ಇಲ್ಲೂ ಕಾಣುವುದಿಲ್ಲ.